ಹಸಿರಪ್ಪ ಕೂತ ಜಾಗ

ಜನವರಿ 9, ಗುರುವಾರ, ಚಳ್ಳಕೆರೆ

ಕಮಲಾಕ್ಷಿಯ ಎರಡನೇ ಕಣ್ಣಿನ ಪಟ್ಟಿಯನ್ನೂ ಇಂದು ಬಿಚ್ಚಿದರು. ಪೊರೆ ಕಳೆದ ಹೊಸ ಕಣ್ಣಲ್ಲಿ ಹೆಂಡತಿಯಾದವಳು ಮೊದಲು ಯಾರನ್ನು ನೋಡಬೇಕು? ಗಂಡನನ್ನೇ. ಅದಕ್ಕೇ ಮಡಿ ಪಂಚೆ ಉಟ್ಟು, ಹಣೆತುಂಬ ವಿಭೂತಿ ಬಳಿದು, ಅವಳ ಎದುರಿಗೆ ಮದುವಣಿಗನ ಹಾಗೆ ಕೂತಿದ್ದೆ. ಅವಳು ನೋಡಿದಳು. ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರದಿಂದ ನೋಡಿದಳು.

"ಅಯ್ಯೋ ಶಿವ್ನೇ! ಏನ್ರೀ ಇದು, ಇಷ್ಟು ಮುದುಕ ಆಗಿದ್ದೀರಾ?"

ಮಗ ಮಲ್ಲಿಕ್ ಬಿದ್ದುಬಿದ್ದು ನಕ್ಕ. ಸೊಸೆ ವಾಣಿಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೇನು ಸುಮ್ಮನಿರುವ ಪೈಕಿಯೇ? "ಪೊರೆ ತೆಗೆದ್ರು, ಇನ್ನು ನನ್ನ ಪೊರೆಯೋರು ಯಾರಪ್ಪ?" ಎಂದೆ. ಮತ್ತೆ ನಗು. ಜಯದೇವಪ್ಪನ ಮನೆಯಲ್ಲಿ ನಗುವಿಗೆ ಬರವಿಲ್ಲ.

ಆಮೇಲೆ ಕೈ ತೊಳೆಯಲು ಹೋದವನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಎಣ್ಣೆ ಮಿಲ್ಲಿನಲ್ಲಿ ಜೀವಮಾನವಿಡೀ ಶೇಂಗಾ ಸುಲಿದು ಸುಲಿದು, ಸಿಪ್ಪೆಯನ್ನೆಲ್ಲ ನಾನೇ ಮುಖಕ್ಕೆ ಅಂಟಿಸಿಕೊಂಡ ಹಾಗಿದೆ.

ಜನವರಿ 11, ಶನಿವಾರ

ಬೀರುವಿನ ಮೇಲಿಂದ ದಾರದ ಉಂಡೆ ಇಳಿಸಲು ಹೋಗಿ ಒಂದು ತಲೆ ಇಳಿಸಿದೆ. ಬಿಳಿ ಪ್ಲಾಸ್ಟಿಕ್ಕಿನ ಮುಖ. ಮೂಗಿದೆ, ತುಟಿಯಿದೆ, ಕಣ್ಣಿನ ಜಾಗದಲ್ಲಿ ಮಬ್ಬು ಗಾಜಿನಂಥ ಎರಡು ಕಿಟಕಿ. ತಿರುಗಿಸಿದರೆ ಒಳಮೈ ತುಂಬ ರಾಗಿ ಕಾಳಿನಷ್ಟು ದೀಪಗಳು. ಗುಂಡಿ ಒತ್ತಿದೆ. ಅಷ್ಟೂ ಕೆಂಪಗೆ ಉರಿದವು.

ವಾಣಿಶ್ರೀಯದು. ಕೆನ್ನೆಯ ಮೇಲಿನ ಬಂಗು ಹೋಗಲಿ ಎಂದು ಮೊಬೈಲಿನಲ್ಲಿ ನೋಡಿ ತರಿಸಿಕೊಂಡಿದ್ದಳಂತೆ.

"ಬ್ಯಾಡ ಮಾವ, ಒಳ್ಳೇದಲ್ಲ ಅದು. ಒಂದು ತಿಂಗ್ಳು ಹಾಕ್ಕಂಡೆ. ಬಂಗು ಇನ್ನೂ ಕಪ್ಪಾತು. ಪಟ್ಟಿ ಬಿಗಿದು ತಲೆನೋವು ಬೇರೆ. ಮಾರಿದೋರು ಈಗ ಫೋನೇ ಎತ್ತಲ್ಲ."

"ಇದ್ರಾಗೆ ಏನೇನು ಹೋಗುತ್ತಂತೆ?"

"ಮೊಡವೆ, ಬಂಗು, ಸುಕ್ಕು, ಎಲ್ಲಾ ಹೋಗುತ್ತೆ ಅಂತಾರೆ. ನನ್ನ ದುಡ್ಡು ಹೋತು, ಅಷ್ಟೆ."

"ಬಾಡಿದ ಮುಖಕ್ಕೆ ಮುಖವಾಡ ಅನ್ನು!"

ನಕ್ಕಳು. ಮತ್ತೆ ಮೇಲೆ ಇಟ್ಟುಬಿಡಿ ಎಂದಳು. ಇಟ್ಟೆ. ಆದರೆ ಅವಳು ಹೇಳಿದ ಪಟ್ಟಿಯಲ್ಲಿ ಸುಕ್ಕೂ ಇತ್ತಲ್ಲ. ಬಂಗು ಬೇರೆ, ಸುಕ್ಕು ಬೇರೆ. ಸುಕ್ಕು ಹೋದರೆ ಸೊಕ್ಕು ತಾನಾಗಿ ಬರುತ್ತದೆ.

ಜನವರಿ 15, ಬುಧವಾರ

ಈ ವರ್ಷದ ಮೊದಲ ಬೇಟೆ!

ದೊಡ್ಡಉಳ್ಳಾರ್ತಿಯ ಮೂಡಲಗಿರಿಯಪ್ಪ ಸಂಜೆ ಕಂಬಳಿ ವ್ಯಾಪಾರ ಮುಗಿಸಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಹಿತ್ತಲ ಬಾಗಿಲಿಗೆ ಬಂದ. ಚಿಕ್ಕಂದಿನಿಂದ ಅವನದು ಹಿತ್ತಲ ಬಾಗಿಲೇ. ಮುಂದಿನ ಬಾಗಿಲಿಗೆ ಬಂದರೆ ನಾನು ಸಿದ್ಧವಾಗಿರುತ್ತೇನೆಂಬ ಹೆದರಿಕೆ. ಕರೆಂಟು ಹೋಗಿತ್ತು. ನಾನು ಸೀಬೆ ಗಿಡದ ಹಿಂದೆ ಆ ಮುಖ ಹಾಕಿಕೊಂಡು ನಿಂತಿದ್ದೆ. ಅವನು ಹತ್ತಿರ ಬಂದದ್ದು ಕಂಬಳಿಯ ವಾಸನೆಯಿಂದಲೇ ತಿಳಿಯಿತು. ಗುಂಡಿ ಒತ್ತಿದೆ.

ಕುರಿ ಕಾಯುವ ಗಂಟಲು, ಕೂಗು ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಅವರೆಕಾಯಿ ಅಂಗಳ ತುಂಬ ಚೆಲ್ಲಾಡಿತು. ಕಮಲಾಕ್ಷಿ ಓಡಿಬಂದು ನನ್ನ ಬೆನ್ನಿಗೆ ಗುದ್ದಿದಳು.

"ಲೇ ಸಾವ್ಕಾರ, ನಿನ್ನ ಮುಖ ಎಲ್ಲಿಟ್ಟೀಯೋ?" ಎಂದು ಮೂಡಲಗಿರಿ ಎದೆ ಹಿಡಿದುಕೊಂಡು ಕೂತ. "ನಗಬ್ಯಾಡ ನೀನು. ಹುಲ್ಲಿನ ಕಾವಲ್ನಾಗೆ ನಾನು ಕಂಬ್ಳಿ ಮುಸುಕು ಹಾಕ್ಕಂಡ್ರೂ ನನ್ನ ಕುರಿ ಗುರ್ತು ಹಿಡೀತಾವೆ. ಆಟಕ್ಕಾದ್ರೂ ಮುಖ ಕಳ್ಕೋಬಾರ್ದು ಮನುಷ್ಯ."

"ಕಳ್ಕಂಡಿಲ್ಲ ಕಣ್ಲೇ, ಇಸ್ತ್ರಿಗೆ ಕೊಟ್ಟೀನಿ."

ಕಾಫಿ ಕುಡಿಯುವಾಗಲೂ ಅವನು ನನ್ನ ಕಡೆ ಸರಿಯಾಗಿ ನೋಡಲಿಲ್ಲ. ಪಾಪ, ನಿಜವಾಗಿ ಹೆದರಿದ್ದ.

ಜನವರಿ 24, ಶುಕ್ರವಾರ

ಮನೆಯಲ್ಲಿ ಯಾರೂ ಬಾಗಿಲು ತಟ್ಟದ ಒಂದೇ ಜಾಗ ಪೂಜೆ ಕೋಣೆ. ಬೆಳಿಗ್ಗೆ ಕೀಲುನೋವಿನ ಮಾತ್ರೆ ನುಂಗಿ, ಸ್ನಾನ ಮಾಡಿ, ಲಿಂಗಪೂಜೆಗೆ ಕೂತರೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಪೂಜೆ ಮುಗಿಸಿ, ಶಾಲಿನ ಕೆಳಗಿಂದ ಆ ಮುಖ ತೆಗೆಯುತ್ತೇನೆ. ಶಿವ ಕ್ಷಮಿಸಲಿ. ಅವನ ಮನೆಯಲ್ಲೂ ಭೂತಗಣ ಇದೆಯಲ್ಲ.

ಮುಖಕ್ಕೆ ಕಟ್ಟಿಕೊಂಡರೆ ಪಟ್ಟಿ ಬೋಳು ತಲೆಯ ಮೇಲೆ ಜಾರುತ್ತದೆ, ಬಿಗಿದರೆ ನೆತ್ತಿ ಸಿಡಿಯುತ್ತದೆ. ಕಣ್ಣಿಗೆ ಇಟ್ಟುಕೊಳ್ಳಲು ಎರಡು ರಬ್ಬರು ಬಟ್ಟಲು ಕೊಟ್ಟಿದ್ದಾರೆ, ಅವು ಮೂಗು ಒತ್ತುತ್ತವೆ. ಅದಕ್ಕೆ ನನ್ನದೇ ದಾರಿ ಕಂಡುಕೊಂಡೆ. ಲಿಂಗ ಹಿಡಿಯುವ ಹಾಗೇ ಎಡ ಅಂಗೈಯಲ್ಲಿ ಅದನ್ನು ನಿಲ್ಲಿಸಿ, ಒಳಮೈಯನ್ನು ನನ್ನ ಕಡೆ ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು ರೆಪ್ಪೆ ಬಡಿಯದೆ ನೋಡುತ್ತೇನೆ. ಅಪ್ಪ ಕಲಿಸಿದ ವಿದ್ಯೆ. ದೃಷ್ಟಿ ಅಲುಗದಿದ್ದರೆ ಎದುರಿಗಿರುವುದು ಒಳಗೆ ಇಳಿಯುತ್ತದೆ ಎನ್ನುತ್ತಿದ್ದರು. ಕಲ್ಲಿನ ಲಿಂಗವೇ ಇಳಿಯುವುದಾದರೆ ಬೆಳಕು ಇಳಿಯದೇ?

ತಮಾಷೆ ಏನೆಂದರೆ, ಅದು ಕುಳಿಬಿದ್ದ ಮುಖ, ಆದರೆ ಸ್ವಲ್ಪ ಹೊತ್ತು ನೋಡಿದರೆ ಉಬ್ಬಿದ ಮುಖದಂತೆ ಕಾಣುತ್ತದೆ. ನಾನು ಕತ್ತು ಈ ಕಡೆ ವಾಲಿಸಿದರೆ ಅದೂ ಈ ಕಡೆ ತಿರುಗುತ್ತದೆ. ಆರಿಸಿ ಬಿಳಿ ಗೋಡೆ ನೋಡಿದರೆ ಅಲ್ಲಿ ಅದೇ ಮುಖ, ಹಸಿರು ಬಣ್ಣದಲ್ಲಿ, ಜರಡಿಯ ಹಾಗೆ ತೂತುತೂತಾಗಿ. ಹಸಿರಪ್ಪ ಎಂದು ಹೆಸರಿಟ್ಟಿದ್ದೇನೆ. ಕೆಂಪಣ್ಣ ಹೋದ, ಹಸಿರಪ್ಪ ಬಂದ.

ಫೆಬ್ರವರಿ 6, ಗುರುವಾರ

ಮೊದಮೊದಲು ಹಸಿರಪ್ಪ ನಾನು ಪೂಜೆ ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಹೋಗುತ್ತಿದ್ದ. ಈಗ ತಿಂಡಿಗೂ ಕೂರುತ್ತಾನೆ. ಇವತ್ತು ಇಡ್ಲಿ ತಟ್ಟೆಯಲ್ಲಿ ಕೂತಿದ್ದ. ಬಿಸಿ ಇಡ್ಲಿ, ಹಸಿರಪ್ಪ, ಅದಕ್ಕೆ ಸರಿಯಾಗಿ ಕೊತ್ತಂಬರಿ ಚಟ್ನಿ.

ಡಬ್ಬದ ಮೇಲೆ ಹತ್ತು ನಿಮಿಷ ಎಂದು ಬರೆದಿದೆಯಂತೆ. ಎಳೆ ಹುಡುಗಿಯರಿಗೆ ಹತ್ತು ಸಾಕು. ನನ್ನ ಸುಕ್ಕು ಹಳೆಯ ಸುಕ್ಕು. ದೀಪ ತಾನಾಗಿ ಆರಿದರೆ ಇನ್ನೊಮ್ಮೆ ಒತ್ತುತ್ತೇನೆ.

"ಏನ್ರೀ, ಪೂಜೆ ಇತ್ತಿತ್ಲಾಗೆ ಭಾಳ ಉದ್ದ ಆತಲ್ಲ?" ಎಂದಳು ಕಮಲಾಕ್ಷಿ. "ಕಣ್ಣು ಯಾಕೆ ಕೆಂಪಾಗ್ಯಾವೆ?"

"ಭಕ್ತಿ ಕಣೇ."

"ನಿಮಗಾ?" ಎಂದು ನಕ್ಕು ಒಳಗೆ ಹೋದಳು. ಹೊಸ ಕಣ್ಣು ಬಂದ ಮೇಲೆ ಅವಳಿಂದ ಏನನ್ನೂ ಮುಚ್ಚಿಡುವುದು ಕಷ್ಟ. ಪಾತ್ರೆಯ ಮೇಲಿನ ಕಲೆ, ಜೇಡರ ಬಲೆ, ನನ್ನ ಕಿವಿಯೊಳಗಿನ ಕೂದಲು, ಎಲ್ಲವೂ ದಿನಕ್ಕೊಂದರಂತೆ ಸಿಕ್ಕಿಬೀಳುತ್ತಿವೆ.

ಫೆಬ್ರವರಿ 19, ಬುಧವಾರ

ಗೆದ್ದೆ! ಕನ್ನಡಿಯಲ್ಲಿ ಸುಕ್ಕಿಲ್ಲ!

ಬೆಳಿಗ್ಗೆ ನಂಬಲಾಗದೆ ಕಿಟಕಿಯ ಹತ್ತಿರ ಹೋಗಿ ನೋಡಿದೆ. ಹಣೆ ನುಣ್ಣಗೆ, ಕಣ್ಣಿನ ಕೆಳಗಿನ ಚೀಲ ಮಾಯ. ಬೆಣ್ಣೆ ಸವರಿದ ಹಾಗೆ. ಇನ್ನೊಂದು ವಿಚಿತ್ರ: ಮನೆಯವರೆಲ್ಲರಿಗೂ ಅದರ ಪ್ರಸಾದ ಸಿಕ್ಕಂತಿದೆ. ಕಮಲಾಕ್ಷಿಯ ಮುಖವೂ ಮೆತ್ತಗೆ, ತಿದ್ದಿದ ಹಾಗೆ ಕಾಣುತ್ತಿದೆ. ವಾಣಿಶ್ರೀ ಕಾಫಿ ತಂದಾಗ ನೋಡುತ್ತೇನೆ, ಅವಳ ಕೆನ್ನೆಯಲ್ಲಿ ಬಂಗುವಿನ ಸುಳಿವೇ ಇಲ್ಲ.

"ಅಮ್ಮಣ್ಣಿ, ನಿನ್ನ ಬಂಗು ಪೂರ್ತಿ ಹೋಗೈತಲ್ಲ!" ಎಂದೆ ಖುಷಿಯಿಂದ.

ಅವಳು ಲೋಟ ಇಟ್ಟವಳೇ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಲ್ಲಿಕ್ ಬಂದ.

"ಅಪ್ಪಾಜಿ, ಎಲ್ಲಾದ್ರಾಗೂ ತಮಾಷೆ ಬ್ಯಾಡ. ಅವಳು ಮೊದ್ಲೇ ಅದಕ್ಕೆ ನೊಂದ್ಕಂಡಾಳೆ. ಕೆನ್ನೆ ತುಂಬ ಕಪ್ಪಗಾಗೈತೆ, ನಿಮ್ಗೆ ಕಾಣ್ಸಲ್ವಾ?"

ನಾನು ತಮಾಷೆ ಮಾಡಲಿಲ್ಲ. ಇದ್ದದ್ದು ಹೇಳಿದೆ. ಐವತ್ತು ವರ್ಷ ಸುಳ್ಳು ಹೇಳಿ ನಗಿಸಿದವನು ಒಂದು ನಿಜ ಹೇಳಿದರೆ ಅಳುತ್ತಾರೆ.

ಹಸಿರಪ್ಪನ ಬಣ್ಣ ಹೋಗಿದೆ. ಈಗ ಬೂದಿಯ ಬಣ್ಣ. ಹೆಸರು ಬದಲಿಸಲಿಲ್ಲ.

ಫೆಬ್ರವರಿ 26, ಶಿವರಾತ್ರಿ

ಬೆಳಿಗ್ಗೆ ಪೂಜೆಗೆ ಕೂತೆ. ವಿಭೂತಿ ಧರಿಸಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ದೃಷ್ಟಿ ನಿಲ್ಲಿಸಿದೆ.

ಅಂಗೈಯಲ್ಲಿ ಲಿಂಗವಿರಲಿಲ್ಲ.

ಬೆರಳು ಕಂಡವು. ಮಣಿಕಟ್ಟು ಕಂಡಿತು. ನಡುವೆ ಬೂದಿ. ಬಿತ್ತೇನೋ ಎಂದು ಬಲಗೈಯಿಂದ ತಡಕಿದೆ. ಇತ್ತು. ತಣ್ಣಗೆ, ನುಣ್ಣಗೆ, ಇದ್ದ ಜಾಗದಲ್ಲೇ ಇತ್ತು. ಕೈಗೆ ಇದೆ, ಕಣ್ಣಿಗಿಲ್ಲ.

ಶಿವನೂ ನನ್ನಂಥವನೇ ಎಂದು ನಗಲು ನೋಡಿದೆ. ಬರಲಿಲ್ಲ. ಇಂದು ಆ ಮುಖವನ್ನು ಹೊರಗೆ ತೆಗೆಯಲಿಲ್ಲ.

ಮಾರ್ಚ್ 7, ಶುಕ್ರವಾರ

ಯುಗಾದಿಗೆ ಕಮಲಾಕ್ಷಿಗೊಂದು ಸೀರೆ ಕೊಳ್ಳಲು ಮೊಳಕಾಲ್ಮುರಿಗೆ ಹೋಗಿದ್ದೆವು. ನೇಕಾರ ಜಂಪಣ್ಣ ನಮಗೆ ಹಳೆಯ ಪರಿಚಯ. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಕೂರಿಸಿದ. ಮಗ್ಗದ ಸದ್ದು ಹಿತವಾಗಿತ್ತು. ಒಂದು ಸೀರೆ ಬಿಚ್ಚಿ ನಮ್ಮ ಮಡಿಲ ಮೇಲೆ ಹರಡಿದ.

"ಬುಟ್ಟಾ ನೋಡು ಸಾಮಿ, ನವಿಲು ನವಿಲು. ಕುಣಿಯೋದೊಂದೇ ಬಾಕಿ."

ನೋಡಿದೆ. "ಎಲ್ಲೈತೋ ನವಿಲು? ನಡುವೆ ತೂತು ಬಿದ್ದೈತಲ್ಲೋ."

ಕಮಲಾಕ್ಷಿ ನಕ್ಕಳು. ಜಂಪಣ್ಣ ನಗಲಿಲ್ಲ. ನೇಕಾರನ ಎದುರಿಗೆ ತೂತು ಎನ್ನಬಾರದಿತ್ತು. "ಅಯ್ಯೋ ಸಾಮೀ, ಏಮಿಟಿದಿ, ಏನಿದು!" ಎಂದವನೇ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಬೆರಳಾಡಿಸಿದ. ಮಗ್ಗದಲ್ಲಿದ್ದ ಹೆಂಡತಿಯನ್ನೂ ಕರೆದ. ಇಬ್ಬರೂ ತೆಲುಗಿನಲ್ಲಿ ಗುಸುಗುಸು ಮಾತಾಡುತ್ತ ಉದ್ದಕ್ಕೂ ಹುಡುಕಿದರು.

"ಯಾವ ಕಡೆ ಸಾಮಿ? ತೋರ್ಸು."

ಬೆರಳಿಟ್ಟು ತೋರಿಸಿದೆ. ಆ ಜಾಗ ಬಿಟ್ಟು ಕಣ್ಣು ಸರಿಸಿದರೆ ಬೆರಳ ಕೆಳಗೆ ನವಿಲಿದೆ, ತೂತು ಮುಂದಕ್ಕೆ ಹೋಗಿದೆ. ಸೆರಗು ನೋಡಿದರೆ ಸೆರಗಿನಲ್ಲಿ. ಅಂಚು ನೋಡಿದರೆ ಅಂಚಿನಲ್ಲಿ. ಕೊನೆಗೆ ತಲೆಯೆತ್ತಿ ಜಂಪಣ್ಣನನ್ನು ನೋಡಿದೆ. ಅಂಗಿ ಇತ್ತು, ಕೊರಳಲ್ಲಿ ದಾರವಿತ್ತು, ಎರಡು ಕಿವಿಗಳಿದ್ದವು.

ಜೋರಾಗಿ ನಕ್ಕುಬಿಟ್ಟೆ. ಅವರೂ ನಕ್ಕರು. "ಭಲೇ ಸಾಮಿ ನೀನು, ಗುಂಡೆ ಆಗಿಪೋಯಿತ್ತು ನಂದು!" ಎಂದು ಅವನು ಎದೆ ನೀವಿಕೊಂಡು ನೀರು ಕುಡಿದ.

ಇನ್ನೊಂದು ಸೀರೆಯನ್ನೂ ಪಕ್ಕಕ್ಕಿಟ್ಟು, ಬಣ್ಣ ಯಾವುದು ಚೆಂದ ಎಂದು ಕಮಲಾಕ್ಷಿ ಕೇಳಿದಳು. ಲೋಟದಲ್ಲಿ ಎಣ್ಣೆ ಹಿಡಿದು ಬಿಸಿಲಿಗೆ ಒಮ್ಮೆ ತೋರಿಸಿದರೆ ಕಲಬೆರಕೆ ಹೇಳುತ್ತಿದ್ದ ಕಣ್ಣು ನನ್ನದು. ಎರಡೂ ಸೀರೆ ಒಂದೇ ಥರ ಕಂಡವು. "ನಿನ್ನ ಹೊಸ ಕಣ್ಣು ಏನಂತಾವೋ ಅದೇ" ಎಂದೆ. ಅವಳಿಗೆ ಸಂತೋಷವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮುಖವಿಲ್ಲದ ಕಂಡಕ್ಟರ್ ಟಿಕೆಟ್ ಕೇಳಿದ. ಮುಖವಿಲ್ಲದ ಹೆಂಗಸೊಬ್ಬಳು ಮುಖವಿಲ್ಲದ ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಕಿಟಕಿಯ ಹೊರಗೆ ಗುಡ್ಡಗಳು ಸರಿಯಾಗೇ ಇದ್ದವು. ಊರು ಬರುವವರೆಗೆ ಗುಡ್ಡವನ್ನೇ ನೋಡಿದೆ.

ಮಾರ್ಚ್ 8

ಹಸಿರಪ್ಪ ಎಲ್ಲರ ಮುಖದ ಮೇಲೂ ಕೂರುತ್ತಾನೆ. ನನ್ನದರ ಮೇಲೂ. ಸುಕ್ಕು ಹೋಗಿರಲಿಲ್ಲ. ಮುಖ ಹೋಗಿತ್ತು.

ಮಾರ್ಚ್ 13, ಗುರುವಾರ

ಜಗಲಿಯಲ್ಲಿ ಯಾರೋ ಬಂದು ಕೂತರು. ನಾನು "ಬರ್ರಿ, ಯಾರು ಬೇಕಿತ್ತು? ಎಣ್ಣೆ ಅಂಗಡಿಗಾದ್ರೆ ಮಲ್ಲಿಕ್ ಪ್ಯಾಟೆ ಬೀದ್ಯಾಗೆ ಸಿಗ್ತಾನೆ" ಎಂದೆ.

ಆ ಮನುಷ್ಯ ಮಾತಾಡಲಿಲ್ಲ. ಗಾಳಿ ಈ ಕಡೆ ತಿರುಗಿದ ಮೇಲೆ ಕಂಬಳಿಯ ವಾಸನೆ ಬಂತು. ಮೂಡಲಗಿರಿ. ಅವತ್ತಿನ ಸೇಡಿಗೆ ಮುಂದಿನ ಬಾಗಿಲಿಂದ ಬಂದು ಸುಮ್ಮನೆ ಕೂತಿದ್ದಾನೆ.

"ಶುರು ಮಾಡ್ದಾ ನಾಟ್ಕ?" ಎಂದು ತೊಡೆ ತಟ್ಟಿ ನಕ್ಕ. "ನಾನು ಯಾರು ಅಂತ ಗೊತ್ತಿಲ್ಲ ನಿಂಗೆ?"

"ಮೂಡಲಗಿರಿ, ನಿಜವಾಗ್ಲೂ ನಿನ್ನ ಮುಖ ಕಾಣ್ತಿಲ್ಲ ಕಣೋ."

"ನಂದೂ ಇಸ್ತ್ರಿಗೆ ಕೊಟ್ಟೀನಿ!"

ಒಳಗಿಂದ ಕಮಲಾಕ್ಷಿಯ ನಗು, ವಾಣಿಶ್ರೀಯ ನಗು. ಇನ್ನೊಮ್ಮೆ ಹೇಳಿದೆ. ಇನ್ನೂ ಹೆಚ್ಚು ನಕ್ಕರು. ಚೆನ್ನಾಗಿ ಹೇಳಿದೆನೇನೋ. ಒಳ್ಳೆಯ ನಟ ನಾನು, ಮೊದಲಿಂದಲೂ.

ಆಮೇಲೆ ಅವನ ಕುರಿಗಳ ಮಾತು. ಕಾವಲಿಗೆ ಬೇಲಿ ಬಿದ್ದು, ಆಚೆ ಕುದಾಪುರದ ಕಡೆ ಸರ್ಕಾರದ ಹೊಸ ಕಟ್ಟಡಗಳ ದೀಪ ಉರಿಯುತ್ತವಂತೆ. "ನಮ್ಮ ಕುರಿ ಆ ಬೆಳ್ಕು ನೋಡಲ್ಲ ಕಣೋ, ತಿರುಗಿ ನಿಂತ್ಕಂತಾವೆ" ಎಂದ.

ಮಾರ್ಚ್ 17, ಸೋಮವಾರ

ಬರೆದುಬಿಡುತ್ತೇನೆ. ಸಾಲು ನೇರ ಹೋಗುತ್ತಿದೆಯೋ ಇಲ್ಲವೋ ಗೊತ್ತಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆ. ಚೆನ್ನಾಗಿ ಬಿಸಿಲು ಬಿದ್ದಿತ್ತು. ಬಳೆ ಸದ್ದಾಯಿತು. ಕಮಲಾಕ್ಷಿ ಕಾಫಿ ತಂದು ನನ್ನ ಕೈಗೆ ಕೊಟ್ಟು ಎದುರು ಕುರ್ಚಿಯಲ್ಲಿ ಕೂತಳು. ಮಾತಾಡಲಿಲ್ಲ. ಹಸಿರಪ್ಪ ಅವಳ ಹೆಗಲ ಮೇಲೆ ಎಂದಿನಂತೆ ಕೂತಿದ್ದ. ಅವನ ಸುತ್ತ ಅವಳ ಕೂದಲು, ಓಲೆ, ಸ್ವಲ್ಪ ಬಿಳುಪು.

"ಏನು, ಇವತ್ತು ಪೌಡರ್ ಜೋರಾಗೈತೆ?" ಎಂದೆ.

ಬಳೆ ಮತ್ತೆ ಸದ್ದಾಯಿತು.

"ಯಾವ ಮದುವೆ? ನನ್ನ ಬಿಟ್ಟು ಇನ್ನೊಂದು ಮಾಡ್ಕಂತೀಯೇನು?"

ಅವಳ ಉಸಿರು ಜೋರಾಗಿ ಕೇಳಿಸಿತು. ಎಲ್ಲೋ ಡಬ್ಬದೊಳಗಿಂದ ಬಂದ ಹಾಗೆ. ಸಿಟ್ಟು ಎಂದುಕೊಂಡೆ. ಸಮಾಧಾನ ಮಾಡೋಣವೆಂದು ಇನ್ನೂ ಸ್ವಲ್ಪ ಬಾಗಿ, ನೇರ ಅವಳ ಮುಖವನ್ನೇ ನೋಡುತ್ತ ಹೇಳಿದೆ: "ಕುಂಕುಮ ಚೆನ್ನಾಗಿ ಒಪ್ಪುತ್ತೆ ಕಣೇ ನಿಂಗೆ. ನಗೋವಾಗ ಇನ್ನೂ ಚೆಂದ ಕಾಣ್ತೀಯ."

ಆಗ ನನ್ನ ಕೈಗೆ ಏನೋ ಬಂತು. ಗಟ್ಟಿ, ನುಣುಪು, ಬೆಚ್ಚಗಿತ್ತು. ಬೆರಳಾಡಿಸಿದೆ. ಮೂಗು. ತುಟಿ. ಎರಡು ಕಿಟಕಿ. ಒಳಗೆ ರಾಗಿ ಕಾಳು. ಅವಳ ಉಸಿರಿಗೆ ಒಳಮೈ ಒದ್ದೆಯಾಗಿತ್ತು.

ಹಬ್ಬಕ್ಕೆ ಪೂಜೆ ಕೋಣೆ ಗುಡಿಸಲು ಹೋದಾಗ ಶಾಲಿನ ಕೆಳಗೆ ಸಿಕ್ಕಿತಂತೆ. ನನ್ನನ್ನು ಒಮ್ಮೆಯಾದರೂ ಬೆಚ್ಚಿಬೀಳಿಸಬೇಕೆಂದು ಹಾಕಿಕೊಂಡು ಬಂದಳಂತೆ.

"ಕಾಣ್ಸಲಿಲ್ವಾ?" ಎಂದಳು. "ರೀ. ಇಷ್ಟು ಹತ್ರ ಕೂತೀನಿ. ಇದು ಕಾಣ್ಸಲಿಲ್ವಾ ನಿಮ್ಗೆ?"

"ತಮಾಷೆಗೆ..." ಎಂದು ಶುರು ಮಾಡಿದೆ.

"ಸಾಕು." ಅವಳ ಎರಡೂ ಕೈ ನನ್ನ ಕೆನ್ನೆ ಹಿಡಿದಿದ್ದವು. "ಯಾವಾಗಿಂದ?"

ಮೊದಲ ಸಲ ಯಾರೂ ನಗಲಿಲ್ಲ. ಹೇಳಿದೆ. ಪೂಜೆ ಕೋಣೆ, ಅಂಗೈ, ರೆಪ್ಪೆ ಬಡಿಯದೆ ನೋಡಿದ್ದು, ಎಲ್ಲಾ.

"ಯಾಕ್ರೀ? ಈ ವಯಸ್ಸಿಗೆ ಯಾಕೆ ಬೇಕಿತ್ತು?"

ಪಟ್ಟಿ ಬಿಚ್ಚಿದ ದಿನ ತಾನು ಅಂದದ್ದು ಅವಳಿಗೇ ಹೊಳೆಯಿತೆಂದು ಕಾಣುತ್ತದೆ. ಕೈ ಕೆನ್ನೆಯಿಂದ ಜಾರಿತು.

ಮಾರ್ಚ್ 20, ಗುರುವಾರ

ದಾವಣಗೆರೆಗೆ ಹೋಗಿ ಬಂದೆವು. ಕಣ್ಣಿನ ಡಾಕ್ಟರ್ ಪ್ರೇಮಲತಾ, ಸಣ್ಣ ವಯಸ್ಸು, ಸಣ್ಣ ದನಿ. ಗಲ್ಲ ಇಡಿಸಿದರು, ಹನಿ ಹಾಕಿದರು, ಚಿತ್ರ ತೆಗೆದರು. ನಾನು ನುಂಗುವ ಮಾತ್ರೆಗಳನ್ನೆಲ್ಲ ವಾಣಿಶ್ರೀ ಡಾಕ್ಟರ ಮೇಜಿನ ಮೇಲೆ ಸುರಿದಳು. ಕೀಲುನೋವಿನದನ್ನು ಅವರು ಪಕ್ಕಕ್ಕೆ ತೆಗೆದಿಟ್ಟರು.

"ಯಜಮಾನ್ರೇ, ಈ ಮಾತ್ರೆ ಕೆಲವರ ಕಣ್ಣಿನ ಪರದೆಗೆ ತೊಂದರೆ ಮಾಡುತ್ತೆ. ಇದನ್ನ ತಗೊಳ್ಳೋರು ಆಗಾಗ ಕಣ್ಣು ತೋರಿಸ್ಕೋಬೇಕು. ಇಂಥ ಬೆಳಕನ್ನ ನೇರ ಯಾರೂ ನೋಡಬಾರದು, ನೀವಂತೂ ನೋಡಲೇಬಾರದು. ಇದು ಬೆಳಕಿಂದಲೋ, ಮಾತ್ರೆಯಿಂದಲೋ, ವಯಸ್ಸಿಂದಲೋ, ಎಷ್ಟೆಷ್ಟು ಪಾಲು ಅಂತ ನಾನು ಖಡಾಖಂಡಿತ ಹೇಳಲಾರೆ. ಡಬ್ಬದಲ್ಲಿ ಎಚ್ಚರಿಕೆ ಬರೆದಿರಲಿಲ್ವಾ?"

"ಒಂದು ಕಾಗದ ಇತ್ತು ಮೇಡಂ" ಎಂದಳು ವಾಣಿಶ್ರೀ. "ಇರುವೆ ಸಾಲಿನಂಗೆ ಇಂಗ್ಲಿಷು. ನಾನೇ ಓದ್ಲಿಲ್ಲ." ಅವಳ ದನಿ ಒಡೆಯಿತು. "ಬೀರು ಮೇಲೆ ಇಡಬಾರ್ದಿತ್ತು ಮಾವ. ಒಡೆದು ಹಾಕ್ಬೇಕಿತ್ತು."

ಪಾಪದ ಹುಡುಗಿ. ನಾಲ್ಕು ಮಾತಿನಲ್ಲಿ ನಗಿಸಬೇಕೆಂದುಕೊಂಡೆ. ಕೊನೆಗೆ ಅವಳ ತಲೆ ಮುಟ್ಟಿದೆ.

"ನಡುವಿನ ನೋಟ ವಾಪಸ್ ಬರುತ್ತಾ?" ಎಂದು ಕಮಲಾಕ್ಷಿ ಕೇಳಿದಳು.

"ಹೋಗಿದ್ದಕ್ಕೆ ನಾನು ಮಾತು ಕೊಡಲ್ಲಮ್ಮ. ಇದ್ದದ್ದನ್ನ ಉಳಿಸ್ಕೊಳ್ಳೋಣ. ಕೀಲಿನ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಬದಲಿಸ್ತೀವಿ. ಅಂಚಿನ ನೋಟ ಚೆನ್ನಾಗಿದೆ. ನೋಡಬೇಕಾದ್ದನ್ನ ನೇರ ನೋಡಬೇಡಿ, ಪಕ್ಕಕ್ಕೆ ನೋಡಿ. ಅಭ್ಯಾಸ ಆಗುತ್ತೆ."

ವಾಪಸು ಬರುವಾಗ ಹಸಿರಪ್ಪ ಕಾರಿನ ಮುಂದಿನ ಗಾಜಿನ ಮೇಲೆ ಕೂತು ಬಂದ.

ಮಾರ್ಚ್ 31, ಯುಗಾದಿಯ ಮಾರನೆಯ ದಿನ

ಕಮಲಾಕ್ಷಿ ಹಾಳೆಯ ಮೇಲೆ ಅಡ್ಡಪಟ್ಟಿ ಇಟ್ಟುಕೊಟ್ಟಿದ್ದಾಳೆ. ಅದರ ಅಂಚಿಗೆ ಪೆನ್ನು ತಾಗಿಸಿ ಬರೆಯುತ್ತಿದ್ದೇನೆ.

ಸಂಜೆ ಚಂದ್ರನನ್ನು ನೋಡಲು ಓಣಿಯವರೆಲ್ಲ ಮಾಳಿಗೆ ಹತ್ತಿದ್ದರು. ಪ್ರತಿ ವರ್ಷ ಮೊದಲು ಕಂಡುಹಿಡಿಯುತ್ತಿದ್ದವನು ನಾನು. ಕಾಣದಿದ್ದರೂ ಅಲ್ಲಿ ಎಂದು ತೋರಿಸಿ, ಊರವರನ್ನೆಲ್ಲ ತಪ್ಪು ಕಡೆ ಕೈಮುಗಿಸುತ್ತಿದ್ದೆ. ಈ ಸಲ ಕಮಲಾಕ್ಷಿ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಮೊಳಕಾಲ್ಮುರಿನ ಸೀರೆ ಉಟ್ಟಿದ್ದಳು. ಜರಿ ನನ್ನ ತೋಳಿಗೆ ಒರಟಾಗಿ ತಾಗುತ್ತಿತ್ತು.

"ಅಗಾ, ಅಲ್ಲಿ!" ಎಂದು ಅವಳೇ ಮೊದಲು ಕೂಗಿದಳು. "ನೀರಿನ ಟ್ಯಾಂಕ್ ಪಕ್ಕ, ಸ್ವಲ್ಪ ಮ್ಯಾಲೆ. ಉಗುರಿನಷ್ಟು." ಎಲ್ಲರೂ ಕೈ ಮುಗಿದರು. ಹೊಸ ಕಣ್ಣಲ್ಲವೇ.

ಆಮೇಲೆ ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಪಕ್ಕಕ್ಕೆ ನೋಡ್ರಿ. ಡಾಕ್ಟ್ರಮ್ಮ ಹೇಳ್ಲಿಲ್ವಾ? ಚಂದ್ರನ್ನ ಬಿಟ್ಟು ಪಕ್ಕಕ್ಕೆ ನೋಡ್ರಿ, ಕಾಣ್ತಾನೆ" ಎಂದಳು.

ಅವಳು ಹೇಳಿದಂತೆ ಮಾಡಲಿಲ್ಲ. ಅವಳು ತೋರಿಸಿದ ಜಾಗಕ್ಕೇ ನೇರ ದೃಷ್ಟಿ ಇಟ್ಟೆ. ಅಲ್ಲಿ ಚಂದ್ರನಿರಲಿಲ್ಲ. ಬೂದಿಯ ಬಣ್ಣದ ಹಸಿರಪ್ಪ ಆಕಾಶದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಅವನ ಎಡಗಡೆ, ಕಣ್ಣಿನ ಕಟ್ಟಕಡೆಯ ಅಂಚಿನಲ್ಲಿ, ಮುಖವೆತ್ತಿ ನಿಂತಿದ್ದ ಕಮಲಾಕ್ಷಿ ಕಂಡಳು. ಮಸುಕಾಗಿ. ಮೂಗುಬೊಟ್ಟು, ಕುಂಕುಮ, ಬಾಯಿಯ ಪಕ್ಕದ ಎರಡು ಗೆರೆ.

"ಕಂಡ್ನಾ?" ಎಂದಳು.

"ಹ್ಞೂಂ."

"ಸುಳ್ಳು ಹೇಳ್ಬ್ಯಾಡ್ರಿ."

"ಇಲ್ಲ ಕಣೇ. ಕಾಣ್ತೈತೆ."

ಎಲ್ಲರೂ ಇಳಿದು ಹೋದರು. ಅವಳು ನಿಂತೇ ಇದ್ದಳು. ನಾನು ಹಸಿರಪ್ಪನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ತೆಗೆದರೆ ಅವಳು ಹೋಗುತ್ತಾಳೆ. ರೆಪ್ಪೆ ಬಡಿಯಲಿಲ್ಲ.